ಎನಾಮೆಲ್ ಚಮಚವೋ, ಬರೀ ಬೆಳ್ಳಿಯೋ? ಬಳಸಿ ನೋಡಿದ ಮೇಲೆ ಹೇಳುತ್ತಿದ್ದೇನೆ

ಹಳೆ ಚಮಚ ಕೂಡಿಡಬೇಕು ಅಂತ ಆಸೆ ಹುಟ್ಟಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ. ಬಣ್ಣಬಣ್ಣದ ಎನಾಮೆಲ್ ಚಮಚ, ಅಂದರೆ ಲೋಹದ ಮೇಲೆ ಬಣ್ಣದ ಗಾಜು ಕರಗಿಸಿ ಕೂರಿಸಿದ್ದು, ತಗೊಳ್ಳಲಾ, ಇಲ್ಲ ಸಾದಾ ಬೆಳ್ಳಿಯದಾ? ನಾನಿರುವುದು ಲಂಡನ್ನಿನಲ್ಲಿ. ಇಲ್ಲಿ ಎರಡೂ ಸಿಗುತ್ತವೆ. ಶುಕ್ರವಾರ ನಸುಕಿನ ಬರ್ಮಂಡ್ಸಿ ಸಂತೆ, ಶನಿವಾರದ ಪೋರ್ಟೊಬೆಲ್ಲೊ ರಸ್ತೆ, ಚಾನ್ಸರಿ ಲೇನಿನಲ್ಲಿ ನೆಲದಡಿ ಇರುವ ಸಿಲ್ವರ್ ವಾಲ್ಟ್ಸ್ ಅಂಗಡಿಗಳು, ಎಲ್ಲ ಕಡೆ ತಿರುಗಿ, ಕೊಂಡು, ಮನೆಗೆ ತಂದು, ಕಾಫಿಗೆ ಹಾಕಿ ಕದಡಿ ನೋಡಿಯೇ ಇದನ್ನು ಬರೆಯುತ್ತಿದ್ದೇನೆ.

ಹೋಲಿಸಿದ್ದು ಮುಖ್ಯವಾಗಿ ನಾಲ್ಕು ಬಗೆ. ನಾರ್ವೆಯ ಎನಾಮೆಲ್ ಕಾಫಿ ಚಮಚ, ಡೆನ್ಮಾರ್ಕಿನ ಕ್ರಿಸ್‌ಮಸ್ ಚಮಚ, ರಷ್ಯಾದ ತಂತಿ ಕೆಲಸದ ಎನಾಮೆಲ್ ಚಮಚ, ಇಂಗ್ಲೆಂಡಿನ ಹಾಲ್‌ಮಾರ್ಕ್ ಇರುವ ಬೆಳ್ಳಿ ಟೀ ಚಮಚ. ನಮ್ಮ ಕಡೆಯದೂ ಒಂದು ನಡುವೆ ಬರುತ್ತದೆ.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಕಣ್ಣಿಗೆ ನಾರ್ವೆಯದೇ ಸೈ. ಆದರೆ ಮೊದಲು ದುಡ್ಡು ಹಾಕಬೇಕಾದ್ದು ಇಂಗ್ಲೆಂಡಿನ ಬೆಳ್ಳಿಗೆ. ಕಾರಣ ಸರಳ. ಬೆಳ್ಳಿ ನೆಗ್ಗಿದರೆ ಒಳ್ಳೆ ಅಕ್ಕಸಾಲಿ ಸರಿ ಮಾಡುತ್ತಾನೆ. ಎನಾಮೆಲ್ ಚಕ್ಕೆ ಎದ್ದರೆ ಅದನ್ನು ಮೊದಲಿನ ಹಾಗೆ ಮಾಡುವವರು ಸಿಗುವುದೇ ಕಷ್ಟ, ಸಿಕ್ಕರೂ ಚಮಚಕ್ಕೆ ಕೊಟ್ಟಿದ್ದಕ್ಕಿಂತ ಜಾಸ್ತಿ ಕೇಳುತ್ತಾರೆ.

ಈಗ ನಾರ್ವೆ. ಡೇವಿಡ್ ಆಂಡರ್ಸನ್ ಅನ್ನುವವರು 1876ರಲ್ಲಿ ಕ್ರಿಸ್ಟಿಯಾನಿಯಾದಲ್ಲಿ, ಅಂದರೆ ಇವತ್ತಿನ ಓಸ್ಲೋದಲ್ಲಿ, ಅಂಗಡಿ ತೆರೆದರು. ಆ ಮನೆತನದ ಕಾಫಿ ಚಮಚಗಳು ಇವತ್ತಿಗೂ ಸಂತೆಗಳಲ್ಲಿ ಧಾರಾಳವಾಗಿ ಕಾಣುತ್ತವೆ. ಪುಟ್ಟ ಚಮಚ, ಹೆಚ್ಚುಕಡಿಮೆ ನನ್ನ ತೋರುಬೆರಳಿನಷ್ಟು ಉದ್ದ. ಒಂದು ಡಬ್ಬಿಯಲ್ಲಿ ಆರು ಇರುತ್ತವೆ, ಆರಕ್ಕೂ ಬೇರೆ ಬೇರೆ ಬಣ್ಣ. ಬೆಳ್ಳಿಯ ಮೇಲೆ ಚಿನ್ನದ ಲೇಪ, ಹಿಡಿಯ ಮೇಲೆ ಮತ್ತು ಬಟ್ಟಲಿನ ಬೆನ್ನಿಗೆ ಎನಾಮೆಲ್.

ನನ್ನ ಹತ್ತಿರ ಇರುವುದರಲ್ಲಿ ಹಳದಿಯದನ್ನು ಕಿಟಕಿ ಹತ್ತಿರ ಹಿಡಿದು ನೋಡಿ ಅಂತ ಬಂದವರಿಗೆಲ್ಲ ಹೇಳುತ್ತೇನೆ. ಬಟ್ಟಲಿನ ಬೆನ್ನಿನಲ್ಲಿ ಒಂದು ಬಿಂದುವಿನಿಂದ ಹೊರಟ ಸಣ್ಣ ಅಲೆಗಳು ಅಂಚಿನವರೆಗೆ ಹರಡಿವೆ. ಚಮಚ ಸ್ವಲ್ಪ ವಾಲಿಸಿದರೆ ಬೆಳಕು ಆ ಅಲೆಗಳ ಮೇಲೆ ಓಡುತ್ತದೆ. ಮೇಲೆ ಬೆರಳಾಡಿಸಿದರೆ ಮಾತ್ರ ಪೂರ್ತಿ ನುಣುಪು, ಒಂದು ಗೆರೆಯೂ ಕೈಗೆ ಸಿಗುವುದಿಲ್ಲ. ಏಕೆಂದರೆ ಗೆರೆ ಇರುವುದು ಒಳಗೆ, ಬೆಳ್ಳಿಯ ಮೇಲೆ. ಮೊದಲು ಯಂತ್ರಕ್ಕೆ ಕೊಟ್ಟು ಬೆಳ್ಳಿಯಲ್ಲಿ ಗೆರೆ ಕೊರೆಯುತ್ತಾರೆ, ಆಮೇಲೆ ಪಾರದರ್ಶಕ ಬಣ್ಣದ ಗಾಜಿನ ಪುಡಿ ಹರಡಿ ಕುಲುಮೆಯಲ್ಲಿ ಸುಡುತ್ತಾರೆ, ಮತ್ತೆ ಪುಡಿ, ಮತ್ತೆ ಬೆಂಕಿ. ಇದಕ್ಕೆ ಗಿಯೋಶ್ ಅಂತ ಹೆಸರು. ಬೆಂಕಿ 800 ಡಿಗ್ರಿ ಸೆಲ್ಸಿಯಸ್ ಆಸುಪಾಸಿನದು. ಸ್ಟರ್ಲಿಂಗ್ ಬೆಳ್ಳಿ, ಅಂದರೆ ಸಾವಿರದಲ್ಲಿ 925 ಭಾಗ ಬೆಳ್ಳಿ ಇರುವುದು, ಪೂರ್ತಿ ಕರಗಿ ನೀರಾಗುವುದೇ 890ರ ಸುಮಾರಿಗೆ. ಅಂದರೆ ಗಾಜು ಕರಗಬೇಕು, ಬೆಳ್ಳಿ ಉಳಿಯಬೇಕು, ನಡುವೆ ಇರುವ ಜಾಗ ಅಷ್ಟೇ. ಇಷ್ಟು ಸಣ್ಣ ಚಮಚಕ್ಕೆ ಅಷ್ಟೊಂದು ಜಾಗ್ರತೆ ವಹಿಸಿದ ಕೈಗಳನ್ನು ನೆನೆದರೆ ನನಗೆ ನಿಜವಾಗಿಯೂ ಗೌರವ ಬರುತ್ತದೆ.

ಬಳಕೆಗೆ ಹೇಗೆ? ಫಿಲ್ಟರ್ ಕಾಫಿಗೆ ಸಕ್ಕರೆ ಹಾಕಿ ಎರಡು ಸುತ್ತು ತಿರುಗಿಸಲು ಅಳತೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಸ್ಟೀಲ್ ಲೋಟದ ಅಂಚಿಗೆ ಟಣ್ ಅಂತ ಬಡಿಯುವ ನಮ್ಮ ಅಭ್ಯಾಸ ಇದಕ್ಕೆ ಆಗಿಬರುವುದಿಲ್ಲ. ಪಿಂಗಾಣಿ ಕಪ್ ಬೇಕು, ಕೈ ಹಗುರ ಇರಬೇಕು. ಬಿಸಿಗೆ ಬೆಳ್ಳಿ ಹಿಗ್ಗುವಷ್ಟು ಗಾಜು ಹಿಗ್ಗುವುದಿಲ್ಲ, ಹಾಗಾಗಿ ಕುದಿಯುವ ಕಾಫಿಯಿಂದ ತೆಗೆದು ಸೀದಾ ತಣ್ಣೀರಿಗೆ ಹಿಡಿದರೆ ಕೂದಲೆಳೆಯಂಥ ಬಿರುಕು ಬರಬಹುದು. ಹಳೆ ಎನಾಮೆಲ್ ಗಾಜಿನಲ್ಲಿ ಸೀಸ ಬೆರೆಸುವುದು ಸಾಮಾನ್ಯವಾಗಿತ್ತು ಅನ್ನುವುದನ್ನೂ ಮರೆಯಬೇಡಿ. ಚಕ್ಕೆ ಎದ್ದ ಚಮಚ ಬಾಯಿಗೆ ಬೇಡ.

ಇನ್ನೊಂದು ವಿಷಯ. ಇಂಥ ಆರರ ಡಬ್ಬಿಗಳನ್ನು ಆಂಟಿಕ್ ಅಂತ ಮಾರುತ್ತಾರೆ. 100 ವರ್ಷ ದಾಟಿದ್ದನ್ನು ಮಾತ್ರ ಹಾಗೆ ಕರೆಯುವುದು ವಾಡಿಕೆ. ಈ ಡಬ್ಬಿಗಳಲ್ಲಿ ಬಹಳಷ್ಟು ಎರಡನೇ ಮಹಾಯುದ್ಧದ ನಂತರದವು. ಅದರಿಂದ ಅಂದ ಕಡಿಮೆ ಆಗುವುದಿಲ್ಲ, ಬೆಲೆ ಮಾತ್ರ ಕಡಿಮೆ ಆಗಬೇಕು. ನಿಜವಾಗಿ ಹಳೆಯದು ಬೇಕು ಅಂದರೆ ಬರ್ಗನ್ ಊರಿನ ಮಾರಿಯಸ್ ಹ್ಯಾಮರ್, ಓಸ್ಲೋದ ಯಾಕೋಬ್ ಟೋಸ್ಟ್ರುಪ್ ಮನೆತನದ ಚಮಚ ಹುಡುಕಿ. ಅವರು ಪ್ಲೀಕ್ ಆ ಜೂರ್ ಅನ್ನುವ ಕೆಲಸ ಮಾಡುತ್ತಿದ್ದರು. ಅದರಲ್ಲಿ ಎನಾಮೆಲ್ ಹಿಂದೆ ಲೋಹವೇ ಇಲ್ಲ, ತಂತಿಯ ಚೌಕಟ್ಟಿನೊಳಗೆ ಬರೀ ಬಣ್ಣದ ಗಾಜು ನಿಂತಿರುತ್ತದೆ, ಬೆಳಕು ಆರಪಾರ. ಅಂಗಡಿಯವರು ಕೈಗೆ ಕೊಟ್ಟಾಗ ಉಸಿರು ಬಿಗಿ ಹಿಡಿದುಕೊಂಡೇ ನೋಡಿದ್ದೇನೆ. ಬಳಸುವ ಮಾತೇ ಇಲ್ಲ. ಬೆಲೆಯೂ ಹಾಗೇ, ನನ್ನ ಕೈಗೆ ಎಟುಕುವುದಲ್ಲ.

ಡೆನ್ಮಾರ್ಕಿನದು ಬೇಗ ಮುಗಿಸುತ್ತೇನೆ. ಕೋಪನ್‌ಹೇಗನ್ನಿನ ಆಂಟನ್ ಮಿಕೆಲ್ಸನ್ ಮನೆತನ 1910ರಿಂದ ವರ್ಷಕ್ಕೊಂದು ಕ್ರಿಸ್‌ಮಸ್ ಚಮಚ ಹೊರತಂದಿತು. ಚಿನ್ನದ ಲೇಪದ ಸ್ಟರ್ಲಿಂಗ್, ಹಿಡಿಯಲ್ಲಿ ಎನಾಮೆಲ್ ಚಿತ್ರ, ಜೊತೆಗೆ ಇಸವಿ. ಇದರ ದೊಡ್ಡ ಅನುಕೂಲ ಅದೇ, ಇಸವಿ ಹುಡುಕುವ ಕಷ್ಟ ಇಲ್ಲ. ಮನೆಯವರು ಹುಟ್ಟಿದ ವರ್ಷದ್ದು, ಮದುವೆಯಾದ ವರ್ಷದ್ದು ಅಂತ ಹುಡುಕಿ ಉಡುಗೊರೆ ಕೊಡಬಹುದು. ಗಾತ್ರ ದೊಡ್ಡದು, ಕೈಯಲ್ಲಿ ತೂಕ ಚೆನ್ನಾಗಿ ಕೂರುತ್ತದೆ, ಎನಾಮೆಲ್ ಹಿಡಿಯ ತುದಿಯಲ್ಲಿ ಇರುವುದರಿಂದ ಪಾಯಸಕ್ಕೂ ಧೈರ್ಯವಾಗಿ ಬಳಸಬಹುದು. ನಾನು ಬಳಸುತ್ತೇನೆ. ಆದರೆ ಕೂಡಿಡುವ ಹುಚ್ಚಿಗೆ ಇದು ನನಗೆ ಸಾಲುವುದಿಲ್ಲ. ಹುಡುಕಾಟವೇ ಇಲ್ಲ, ಯಾವ ವರ್ಷ ಬಾಕಿ ಅಂತ ಪಟ್ಟಿ ತುಂಬಿಸುವುದಷ್ಟೇ.

ರಷ್ಯಾದ ಚಮಚದ ಬಗ್ಗೆ ಮನಸ್ಸು ಎರಡು ಕಡೆ ಎಳೆಯುತ್ತದೆ. ಮಾಸ್ಕೋದ ಪಾವೆಲ್ ಒವ್ಚಿನ್ನಿಕೊವ್, ಫ್ಯೋದರ್ ರ್‍ಯುಕರ್ಟ್, ಮರಿಯಾ ಸೆಮ್ಯೋನೊವಾ ಅವರ ಕಾರ್ಖಾನೆಗಳ ಕೆಲಸ ನೋಡಿದವರು ಮರೆಯುವುದಿಲ್ಲ. ಇಲ್ಲಿ ನಾರ್ವೆಯ ನುಣುಪು ಇಲ್ಲ. ಹೊಸೆದ ಬೆಳ್ಳಿ ತಂತಿಯನ್ನು ಹೂವು ಬಳ್ಳಿಯಾಗಿ ಬಗ್ಗಿಸಿ ಬೆಸೆದು, ಒಂದೊಂದು ಮನೆಯೊಳಗೆ ಒಂದೊಂದು ಬಣ್ಣ ತುಂಬಿದ್ದಾರೆ. ಕಣ್ಣು ಮುಚ್ಚಿ ಬೆರಳಾಡಿಸಿದರೂ ಬಳ್ಳಿ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಗೊತ್ತಾಗುತ್ತದೆ. ನಮ್ಮ ಜೈಪುರದ ಮೀನಾಕಾರಿ ನೋಡಿ ಬೆಳೆದ ಕಣ್ಣಿಗೆ ಇದು ಬೇಗ ಹಿಡಿಸುತ್ತದೆ. ತಂತಿ ಅಡ್ಡ ಇರುವುದರಿಂದ ಬಿರುಕು ಬಂದರೂ ಒಂದು ಮನೆಯಲ್ಲೇ ನಿಲ್ಲುವುದು ಜಾಸ್ತಿ, ಇಡೀ ಮೈಗೆ ಹರಡುವುದು ಕಡಿಮೆ. ಈ ಒಂದು ವಿಷಯದಲ್ಲಿ ಇದು ನಾರ್ವೆಯದನ್ನು ಮೀರಿಸುತ್ತದೆ.

ತೊಂದರೆ ಇರುವುದು ನಕಲಿನಲ್ಲಿ. ಹಳೆ ರಷ್ಯನ್ ಬೆಳ್ಳಿಯ ಮೇಲೆ 84 ಅಂತ ಅಂಕಿ ಇರುತ್ತದೆ, 96 ಭಾಗದಲ್ಲಿ 84 ಭಾಗ ಬೆಳ್ಳಿ ಅಂತ ಅರ್ಥ, ನಮ್ಮ ಲೆಕ್ಕದಲ್ಲಿ ಸಾವಿರಕ್ಕೆ 875. 1899ರಿಂದ ಅದರ ಜೊತೆ ಸಾಂಪ್ರದಾಯಿಕ ಕಿರೀಟ ತೊಟ್ಟ ಹೆಂಗಸಿನ ತಲೆಯ ಮುದ್ರೆ ಬಂತು. 1908ರವರೆಗೆ ಆಕೆ ಎಡಕ್ಕೆ ನೋಡುತ್ತಾಳೆ, ಆಮೇಲೆ ಬಲಕ್ಕೆ. ಕಲಿಯುವುದು ಸುಲಭ. ನಕಲು ಮಾಡುವವರಿಗೂ ಅಷ್ಟೇ ಸುಲಭ. ಹೊಸ ಚಮಚಕ್ಕೆ ಹಳೆ ಮುದ್ರೆ ಒತ್ತಿ ಮಾರುವುದು ಬಹಳ. ನಾನು ಮುದ್ರೆಗಿಂತ ಮೊದಲು ತಂತಿ ನೋಡುತ್ತೇನೆ. ಭೂತಗನ್ನಡಿ ಹಿಡಿದಾಗ ಹೊಸೆದ ಎಳೆ ಬಿಡಿಬಿಡಿಯಾಗಿ ಕಾಣಬೇಕು, ಬಣ್ಣ ಮನೆಯ ಅಂಚಿನವರೆಗೆ ತುಂಬಿರಬೇಕು, ಬಟ್ಟಲಿನ ಒಳಗೆ ವರ್ಷಗಟ್ಟಲೆ ಬಳಸಿದ ಸವೆತ ಇರಬೇಕು. ತಂತಿ ಮೊಂಡಾಗಿ, ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಕಂಡರೆ ವಾಪಸ್ ಇಟ್ಟುಬಿಡುತ್ತೇನೆ. ನಂಬಿಕೆ ಇರುವ ವ್ಯಾಪಾರಿಯ ರಸೀದಿ ಇಲ್ಲದೆ ರಷ್ಯಾದ ಚಮಚ ಕೊಳ್ಳಬೇಡಿ ಅನ್ನುವುದೇ ನನ್ನ ಮಾತು.

ಇಂಗ್ಲೆಂಡಿನ ಬೆಳ್ಳಿಗೆ ಬಂದರೆ ಮೊದಲ ನೋಟಕ್ಕೆ ಏನೂ ಇಲ್ಲ ಅನ್ನಿಸುತ್ತದೆ. ಬಣ್ಣ ಇಲ್ಲ, ಚಿನ್ನ ಇಲ್ಲ. ತಿರುಗಿಸಿ ನೋಡಿ. ಹಿಡಿಯ ಬೆನ್ನಿನಲ್ಲಿ ಸಾಲಾಗಿ ಸಣ್ಣ ಸಣ್ಣ ಮುದ್ರೆಗಳು. ನಡೆಯುವ ಸಿಂಹ ಇದ್ದರೆ 925 ಬೆಳ್ಳಿ. ಚಿರತೆಯ ಮುಖ ಲಂಡನ್, ಲಂಗರು ಬರ್ಮಿಂಗ್‌ಹ್ಯಾಮ್, ಹಳೆಯದರಲ್ಲಿ ಕಿರೀಟ ಶೆಫೀಲ್ಡ್. ಒಂದು ಅಕ್ಷರ ಇರುತ್ತದೆ, ಅದು ವರ್ಷ ಹೇಳುತ್ತದೆ. ರಾಜನ ಅಥವಾ ರಾಣಿಯ ತಲೆ ಇದ್ದರೆ ತೆರಿಗೆ ಕಟ್ಟಿದ್ದಕ್ಕೆ ಗುರುತು, ಅದನ್ನು 1784ರಿಂದ 1890ರವರೆಗೆ ಮಾತ್ರ ಒತ್ತುತ್ತಿದ್ದರು. ಉಳಿದದ್ದು ಮಾಡಿದವರ ಹೆಸರಿನ ಅಕ್ಷರ. ಇನ್ನೂರು ವರ್ಷದ ಹಿಂದಿನ ಒಂದು ಸಾಮಾನ್ಯ ಟೀ ಚಮಚ ತಾನು ಎಲ್ಲಿ, ಯಾವಾಗ, ಯಾರ ಕೈಯಲ್ಲಿ ಹುಟ್ಟಿದೆ ಅಂತ ಹೇಳುತ್ತದೆ. ಬೇರೆ ಯಾವ ದೇಶದ ಚಮಚವೂ ನನಗೆ ಇಷ್ಟು ಸಲೀಸಾಗಿ ಇಷ್ಟೊಂದು ಹೇಳಿಲ್ಲ.

ಹೆಸ್ಟರ್ ಬೇಟ್‌ಮನ್ ಹೆಸರು ಇಲ್ಲಿ ಹೇಳಲೇಬೇಕು. ಗಂಡ ತೀರಿಕೊಂಡ ಮೇಲೆ ಲಂಡನ್ನಿನಲ್ಲಿ ಕೆಲಸಮನೆ ಕೈಗೆ ತೆಗೆದುಕೊಂಡು 1761ರಲ್ಲಿ ತನ್ನದೇ ಮುದ್ರೆ ನೋಂದಾಯಿಸಿದ ಹೆಂಗಸು, 1790ರವರೆಗೆ ನಡೆಸಿದಳು. ಆಕೆಯ ಮುದ್ರೆ ಇರುವ ಟೀ ಚಮಚಕ್ಕೆ ಬೇರೆಯವರದಕ್ಕಿಂತ ಜಾಸ್ತಿ ಕೊಡಬೇಕು, ಆದರೂ ಒಳ್ಳೆಯ ಎನಾಮೆಲ್ ಚಮಚದಷ್ಟು ದುಬಾರಿ ಅಲ್ಲ.

1780ರ ಆಸುಪಾಸಿನವರೆಗಿನ ಚಮಚಗಳಲ್ಲಿ ಮುದ್ರೆ ಇರುವುದು ಕೆಳಗೆ, ಬಟ್ಟಲಿನ ಹತ್ತಿರ, ಹಿಡಿ ಸಣ್ಣಗಾಗುವ ಕಡೆ. ಮುದ್ರೆ ಒತ್ತಿದಾಗ ಅಲ್ಲಿ ಹಿಡಿ ಚಪ್ಪಟೆಯಾಗುತ್ತಿತ್ತು, ಅದನ್ನು ಮತ್ತೆ ತಟ್ಟಿ ಸರಿ ಮಾಡುವಾಗ ಮುದ್ರೆ ಹಿಂಡಿ ಹೋಗುತ್ತಿತ್ತು. ಹಾಗಾಗಿ ಅರ್ಧ ಅಳಿಸಿದ ಸಿಂಹ ಕಂಡರೆ ಹೆದರಬೇಡಿ, ಅದು ಆ ಕಾಲದ್ದೇ ಗುರುತು. ಇದೇ ಕಾಲದ ಕೆಲವು ಚಮಚಗಳ ಬಟ್ಟಲಿನ ಬೆನ್ನಿಗೆ ಚಿತ್ರ ಇರುತ್ತದೆ. ಪಂಜರದ ಮೇಲೆ ಕೂತ ಹಕ್ಕಿ, ಜೊತೆಗೆ ಸ್ವಾತಂತ್ರ್ಯ ನನಗಿಷ್ಟ ಅನ್ನುವ ಬರಹ. ಜಾನ್ ವಿಲ್ಕ್ಸ್ ಎಂಬ ರಾಜಕಾರಣಿಯ ಹೋರಾಟದ ದಿನಗಳ ಜೊತೆ ಈ ಚಿತ್ರವನ್ನು ಸೇರಿಸಿ ಹೇಳುತ್ತಾರೆ. ಟೀ ಕುಡಿಯುವ ಚಮಚದಲ್ಲಿ ರಾಜಕೀಯ! ನನಗೆ ಇದು ಯಾವ ಎನಾಮೆಲ್‌ಗಿಂತಲೂ ಕಡಿಮೆ ಅಲಂಕಾರ ಅಲ್ಲ.

ಬೆರ್ರಿ ಚಮಚ ಅಂತ ಮಾರುವ ದೊಡ್ಡ ಚಮಚಗಳ ಬಗ್ಗೆ ಮಾತ್ರ ಎಚ್ಚರ ಇರಲಿ. ಮುದ್ರೆ 18ನೇ ಶತಮಾನದ್ದು, ಬಟ್ಟಲಿನ ಹಣ್ಣು ಬಳ್ಳಿಯ ಕೆತ್ತನೆ ಮತ್ತು ಚಿನ್ನದ ಲೇಪ ಬಹುಪಾಲು ವಿಕ್ಟೋರಿಯಾ ಕಾಲದಲ್ಲಿ ಸೇರಿಸಿದ್ದು. ನೋಡಲು ಚೆಂದ, ಊಟದ ಮೇಜಿಗೆ ಸೊಗಸು. ಆದರೆ ಸಾದಾ ಚಮಚವೊಂದನ್ನು ಕೆಡಿಸಿ ಮಾಡಿದ್ದು ಅಂತ ನನಗೆ ಸಂಕಟ. ಇ.ಪಿ.ಎನ್.ಎಸ್. ಅಂತ ಬರೆದಿದ್ದರೆ ಅದು ಬೆಳ್ಳಿ ಲೇಪ ಮಾತ್ರ, ಸಿಂಹ ಇರುವುದಿಲ್ಲ.

ದಿನಬಳಕೆಯಲ್ಲಿ ಇಂಗ್ಲಿಷ್ ಬೆಳ್ಳಿಗೆ ಸಾಟಿ ಇಲ್ಲ. ನಾನು ಉಪ್ಪಿನಕಾಯಿ, ಮೊಟ್ಟೆ ಬಿಟ್ಟು ಎಲ್ಲದಕ್ಕೂ ಬಳಸುತ್ತೇನೆ. ಉಪ್ಪು ಬೆಳ್ಳಿಯನ್ನು ತಿನ್ನುತ್ತದೆ, ಮೊಟ್ಟೆಯ ಗಂಧಕ ಕಪ್ಪು ಮಾಡುತ್ತದೆ. ದಿನಾ ಬಳಸಿ ತೊಳೆದು ಒರೆಸಿದ ಚಮಚ ಕಪ್ಪಾಗುವುದೇ ಕಡಿಮೆ, ಡಬ್ಬಿಯಲ್ಲಿ ಮುಚ್ಚಿಟ್ಟದ್ದೇ ಬೇಗ ಕಪ್ಪಾಗುತ್ತದೆ, ಅದರಲ್ಲೂ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟರಂತೂ ಮುಗೀತು, ಬ್ಯಾಂಡ್ ಇದ್ದ ಕಡೆ ಕಪ್ಪು ಪಟ್ಟೆಯೇ ಬೀಳುತ್ತದೆ.

ನಮ್ಮ ಮನೆಗಳಲ್ಲಿ ಬೆಳ್ಳಿಗೆ ವಿಭೂತಿ ಹಚ್ಚಿ ಉಜ್ಜುವ ರೂಢಿ ಇದೆ ಅಲ್ವಾ, ಸಾದಾ ಬೆಳ್ಳಿಗೆ ಮೆಲ್ಲಗೆ ಉಜ್ಜಿದರೆ ಪರವಾಗಿಲ್ಲ. ಎನಾಮೆಲ್ ಮತ್ತು ಚಿನ್ನದ ಲೇಪಕ್ಕೆ ಬೇಡವೇ ಬೇಡ, ಲೇಪ ಸವೆದು ಬೆಳ್ಳಿ ಇಣುಕುತ್ತದೆ. ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡಾ, ಬಿಸಿನೀರಿನ ಉಪಾಯವೂ ಸಾದಾ ಬೆಳ್ಳಿಗೆ ಮಾತ್ರ. ಎನಾಮೆಲ್‌ಗೆ ಉಗುರು ಬೆಚ್ಚಗಿನ ನೀರು, ಒಂದು ತೊಟ್ಟು ಸೋಪು, ಮೆತ್ತನೆ ಹತ್ತಿ ಬಟ್ಟೆ ಸಾಕು.

ನಮ್ಮ ಕಡೆಯದು ಅಂದೆನಲ್ಲ, ಅದು ಸ್ವಾಮಿ ಬೆಳ್ಳಿ. ಬ್ರಿಟಿಷರ ಕಾಲದಲ್ಲಿ ಮದ್ರಾಸಿನ ಪಿ. ಓರ್ ಅಂಡ್ ಸನ್ಸ್ ಅಂಥ ಅಂಗಡಿಗಳು ಹಿಡಿಯ ತುದಿಯಲ್ಲಿ ದೇವರ ಮೂರ್ತಿ ಇರುವ ಚಮಚ ಮಾಡಿಸಿ ಮಾರುತ್ತಿದ್ದವು. ಇಲ್ಲಿನ ಸಂತೆಗಳಲ್ಲಿ ಅವು ಆಗಾಗ ಕಣ್ಣಿಗೆ ಬೀಳುತ್ತವೆ. ಗಣಪತಿಯೋ ಕೃಷ್ಣನೋ ಬೆರಳ ನಡುವೆ ಬರುವುದರಿಂದ ಎಂಜಲು ಮಾಡಲು ನನಗೆ ಮನಸ್ಸು ಬರುವುದಿಲ್ಲ, ಹಾಗಾಗಿ ಬಳಸಿ ನೋಡಿಲ್ಲ, ದೇವರ ಕೋಣೆಯಲ್ಲಿ ಉದ್ಧರಣೆಯ ಪಕ್ಕ ಇಟ್ಟಿದ್ದೇನೆ. ಇಂಥದ್ದು ಭಾರತದಲ್ಲೇ ಕೊಂಡರೆ ಒಂದು ನೆನಪಿರಲಿ. 1972ರ ಕಾಯ್ದೆ ಪ್ರಕಾರ 100 ವರ್ಷ ದಾಟಿದ ಕಲಾವಸ್ತುವನ್ನು ದೇಶದ ಹೊರಗೆ ತರುವ ಹಾಗಿಲ್ಲ. ಊರಿಂದ ಬರುವಾಗ ಸೂಟ್‌ಕೇಸಿಗೆ ಹಾಕಿಕೊಂಡು ಬರಬೇಡಿ.

ಈಗ ಯಾರಿಗೆ ಯಾವುದು? ಒಂದೇ ಒಂದು ಕೊಳ್ಳುವುದಾದರೆ ಮುದ್ರೆ ಸ್ಪಷ್ಟವಾಗಿರುವ 1800ರ ಆಸುಪಾಸಿನ ಲಂಡನ್ ಟೀ ಚಮಚ ಕೊಳ್ಳಿ. ಬಿಡಿ ಚಮಚ ಇನ್ನೂ ಕೈಗೆಟುಕುವ ಬೆಲೆಗೇ ಸಿಗುತ್ತದೆ. ಉಡುಗೊರೆಗೆ ಡೆನ್ಮಾರ್ಕಿನದು. ರಷ್ಯಾದ್ದು ಕಣ್ಣು ಪಳಗಿದ ಮೇಲೆ, ಅಲ್ಲಿಯವರೆಗೆ ಮ್ಯೂಸಿಯಂನಲ್ಲಿ ನೋಡಿ ಸಾಕು. ನಾರ್ವೆಯದು ಕೊಳ್ಳುವಾಗ ಆರರ ಡಬ್ಬಿಯೇ ಬೇಕು ಅಂತ ಹಟ ಬೇಡ. ಆರರಲ್ಲಿ ಒಂದಕ್ಕಾದರೂ ಚಕ್ಕೆ ಎದ್ದಿರುವ ಡಬ್ಬಿಗಿಂತ ಪೂರ್ತಿ ಚೆನ್ನಾಗಿರುವ ಒಂಟಿ ಚಮಚ ಮೇಲು. ಅಂಚನ್ನು ಓರೆ ಬೆಳಕಿನಲ್ಲಿ ಹಿಡಿದು ಸುತ್ತಲೂ ನೋಡಿ, ಆಮೇಲೆ ಬೆರಳ ತುದಿಯಿಂದ ಅಂಚಿನ ಮೇಲೆ ಸವರಿ. ರಿಪೇರಿ ಮಾಡಿದ ಕಡೆ ಬಣ್ಣ ಮಂಕಾಗಿ, ಪ್ಲಾಸ್ಟಿಕ್ ಮುಟ್ಟಿದಂತೆ ಬೆಚ್ಚಗೆ ಹತ್ತುತ್ತದೆ. ಗಾಜು ತಣ್ಣಗಿರುತ್ತದೆ.