ಕಡಿಮೆ ಓಡಿದ ಹಳೆಯ ಆಮದು ಬೈಕು: ಕಾರವಾರದ್ದೋ, ಶಿರಸಿಯದ್ದೋ, ಗೋವಾದ್ದೋ?

2009ರ ಸುಮಾರಿಗೆ ಪೂರ್ಣ ಜೋಡಣೆಯಾಗಿಯೇ ಹೊರದೇಶದಿಂದ ಬಂದು ಭಾರತದಲ್ಲಿ ಮಾರಾಟವಾದ ದೊಡ್ಡ ಬೈಕುಗಳಲ್ಲಿ ಹೊಂಡಾ ಸಿಬಿ1000ಆರ್, ಯಮಹಾ ಎಫ್‌ಝಡ್1 ಮತ್ತು ಸುಜುಕಿ ಬ್ಯಾಂಡಿಟ್ 1250ಎಸ್ ಒಂದೇ ಬಗೆಯ ಗ್ರಾಹಕರಿಗಾಗಿ ಇದ್ದವು. ರೇಸ್ ಬೈಕಿನ ಮೇಲೆ ಬಗ್ಗಿ ಕೂರುವುದು ಬೇಡ, ಆದರೆ ನಾಲ್ಕು ಸಿಲಿಂಡರಿನ ದೊಡ್ಡ ಎಂಜಿನ್ ಬೇಕು ಎನ್ನುವವರು ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳುತ್ತಿದ್ದರು. ಅಂದು ಷೋರೂಮಿನ ಗಾಜಿನಾಚೆಯಿಂದ ನೋಡಿ ಬಂದವರಿಗೂ ಇಂದು ಅವು ಕೈಗೆಟಕುವ ಬೆಲೆಗೆ ಸಿಗುತ್ತಿವೆ. ನನಗೆ ಒಂದೇ ಹಂಗಾಮಿನಲ್ಲಿ ಮೂರೂ ನೋಡಸಿಕ್ಕವು: ಕಾರವಾರದ ಕೋಡಿಬಾಗದಲ್ಲಿ ಆರು ಸಾವಿರ ಕಿಲೋಮೀಟರ್ ಸಹ ಓಡದ ಸಿಬಿ, ಶಿರಸಿಯ ಹತ್ತಿರದ ಒಂದು ಅಡಿಕೆ ತೋಟದ ಮನೆಯಲ್ಲಿ ಸುಮಾರು ಒಂಬತ್ತು ಸಾವಿರ ಓಡಿದ ಎಫ್‌ಝಡ್1, ಮತ್ತು ಮಡಗಾಂವಿನಲ್ಲಿ ನಲವತ್ತು ಸಾವಿರ ದಾಟಿದ, ಗೋವಾ ನೋಂದಣಿಯ ಬ್ಯಾಂಡಿಟ್.

ಮಾರುವವರು ಮೊದಲು ಹೇಳುವುದು ಮೀಟರಿನ ಅಂಕಿಯನ್ನು. "ಗಾಡಿ ಓಡೇ ಇಲ್ಲ, ಹೊಸದರ ಹಾಗಿದೆ" ಎಂಬ ಮಾತು ಕೋಡಿಬಾಗದಲ್ಲೂ ಕೇಳಿತು, ಶಿರಸಿಯಲ್ಲೂ ಕೇಳಿತು. ಹದಿನೈದು ವರ್ಷದಲ್ಲಿ ಆರು ಸಾವಿರ ಕಿಲೋಮೀಟರ್ ಓಡಿದ ಬೈಕು ಉಳಿದ ಕಾಲವೆಲ್ಲ ಒಂದೆಡೆ ನಿಂತಿತ್ತು ಎಂದೇ ಅರ್ಥವಾದ್ದರಿಂದ, ಅದು ಎಲ್ಲಿ ನಿಂತಿತ್ತು, ಹೇಗೆ ನಿಂತಿತ್ತು ಎಂಬುದನ್ನು ಮೀಟರಿಗಿಂತ ಮೊದಲು ವಿಚಾರಿಸಬೇಕಾಗುತ್ತದೆ. ಘಟ್ಟದ ಕೆಳಗೆ ನಿಲ್ಲುವುದಕ್ಕೂ ಘಟ್ಟದ ಮೇಲೆ ನಿಲ್ಲುವುದಕ್ಕೂ ಇರುವ ವ್ಯತ್ಯಾಸ ಈ ಎರಡು ಬೈಕುಗಳನ್ನು ನೋಡಿದಾಗ ಕಣ್ಣಿಗೆ ಕಟ್ಟಿತು.

ಸಿಬಿ ಸಮುದ್ರದಿಂದ ಕೂಗಳತೆಯ ದೂರದ ಮನೆಯ ಪಕ್ಕದಲ್ಲಿ, ತಗಡಿನ ಮಾಡಿನ ಅಡಿಯಲ್ಲಿ, ಟಾರ್ಪಾಲು ಹೊದ್ದು ನಿಂತಿತ್ತು. ಮಾಲೀಕರು ಹಡಗಿನ ಕೆಲಸದವರು. ವರ್ಷದ ಬಹುಭಾಗ ಊರಿನಲ್ಲಿ ಇರುವವರಲ್ಲ. ಟಾರ್ಪಾಲು ತೆಗೆದಾಗ ಬಣ್ಣ ಫಳಫಳ ಹೊಳೆಯುತ್ತಿತ್ತು. ಆದರೆ ಮುಂದಿನ ಫೋರ್ಕಿನ ಕೊಳವೆಯ ಮೇಲೆ, ಆಯಿಲ್ ಸೀಲಿನಿಂದ ಎರಡು ಬೆರಳಿನಷ್ಟು ಕೆಳಕ್ಕೆ ಉಗುರನ್ನು ಎಳೆದಾಗ ಸಾಸಿವೆ ಕಾಳಿಗಿಂತ ಸಣ್ಣ ಕುಳಿಗಳು ತಾಗಿದವು. ಆ ಕುಳಿಗಳು ಸೀಲನ್ನು ಹರಿಯುತ್ತವೆ. ಸೀಲು ಎಷ್ಟು ಬಾರಿ ಬದಲಿಸಿದರೂ ಕೊಳವೆಗೆ ಮತ್ತೆ ಕ್ರೋಮ್ ಹಾಕಿಸುವವರೆಗೆ ಎಣ್ಣೆ ಸೋರುವುದು ನಿಲ್ಲುವುದಿಲ್ಲ. ರೇಡಿಯೇಟರಿನ ಅಲ್ಯೂಮಿನಿಯಂ ರೆಕ್ಕೆಗಳು ಹೆಬ್ಬೆರಳಿನ ಒತ್ತಿಗೆ ಬಿಳಿ ಪುಡಿಯಾಗಿ ಉದುರಿದವು. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆದು ಮೊಬೈಲಿನ ಬೆಳಕು ಹಾಯಿಸಿದಾಗ ಒಳಗೋಡೆ ಕೆಂಪಾಗಿತ್ತು, ಹಳಸಿದ ಪೆಟ್ರೋಲಿನ ಹುಳಿ ವಾಸನೆ ಮೂಗಿಗೆ ಹೊಡೆಯಿತು. ಎಥೆನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ತೇವ ಹೆಚ್ಚಾದರೆ ನೀರು ಬೇರ್ಪಟ್ಟು ತಳದಲ್ಲಿ ನಿಲ್ಲುತ್ತದೆ. ಅರ್ಧ ತುಂಬಿದ ಟ್ಯಾಂಕಿನಲ್ಲಿ ಕರಾವಳಿಯ ಮಳೆಗಾಲಗಳನ್ನು ಕಳೆದ ಬೈಕಿಗೆ ಇದು ಬರಬೇಕಾದ ರೋಗವೇ. ಇಂಜೆಕ್ಟರುಗಳ ಸ್ಥಿತಿಯನ್ನು ಬಿಚ್ಚದೆ ಹೇಳಲಾಗದು.

ಇವುಗಳಲ್ಲಿ ಯಾವುದನ್ನೂ ಬೈಕಿನ ದೋಷವೆಂದು ನಾನು ಎಣಿಸುವುದಿಲ್ಲ. ಇಟಲಿಯ ಅಟೆಸ್ಸಾ ಕಾರ್ಖಾನೆಯಲ್ಲಿ ತಯಾರಾದ, ಹೊಂಡಾದ ರೇಸ್ ಮಾದರಿಯ ಬೈಕಾದ ಫೈರ್‌ಬ್ಲೇಡಿನ 998 ಸಿಸಿ ಎಂಜಿನ್ನನ್ನು ರಸ್ತೆಯ ಬಳಕೆಗೆ ಪಳಗಿಸಿ ಕೂರಿಸಿದ ಈ ಬೈಕು ಮೂರರಲ್ಲಿ ಅತ್ಯಂತ ಸುಂದರವಾದದ್ದು. ಒಂದೇ ಬದಿಯ ತೋಳಿನ ಮೇಲೆ ನಿಂತ ಅದರ ಹಿಂದಿನ ಚಕ್ರವನ್ನು ನೋಡುತ್ತ ನಿಂತರೆ ಲೆಕ್ಕಾಚಾರ ಮರೆಯುವ ಅಪಾಯವಿದೆ. ನೋಂದಣಿಯ ಅವಧಿ ಮುಗಿದಿದ್ದರಿಂದ ಅದನ್ನು ಹೆದ್ದಾರಿಗೆ ಒಯ್ಯಲಾಗಲಿಲ್ಲ. ಅಂಗಳದಲ್ಲಿ ತಳ್ಳಿದಾಗ ಮುಂದಿನ ಬ್ರೇಕಿನ ಕ್ಯಾಲಿಪರ್ ಹಿಡಿದುಕೊಂಡಿರುವುದು ಗೊತ್ತಾಯಿತು, ಅಷ್ಟಕ್ಕೆ ಅದರ ಪರೀಕ್ಷೆ ಮುಗಿಯಿತು.

ಶಿರಸಿಯ ಎಫ್‌ಝಡ್1 ಅಡಿಕೆ ಚೀಲಗಳನ್ನಿಡುವ ಕೋಣೆಯಲ್ಲಿ, ಗೋಡೆಯೊಳಗೆ, ಮರದ ಹಲಗೆಯ ಮೇಲೆ ನಿಂತಿತ್ತು. ಮಳೆ ಶಿರಸಿಯಲ್ಲೇನೂ ಕಡಿಮೆಯಲ್ಲ. ಸೀಟಿನ ಹೊಲಿಗೆಯಲ್ಲಿ ಬೂಷ್ಟು ಹಿಡಿದಿತ್ತು, ಬೋಲ್ಟುಗಳ ತಲೆಯಲ್ಲಿ ಅಲ್ಲಲ್ಲಿ ಮೇಲುತುಕ್ಕು ಇತ್ತು. ಆದರೆ ಉಪ್ಪಿನ ಗಾಳಿ ಮುಟ್ಟದ ಕಾರಣ ರೇಡಿಯೇಟರ್ ಗಟ್ಟಿಯಾಗಿತ್ತು, ಫೋರ್ಕಿನ ಕೊಳವೆಯ ಮೇಲೆ ಉಗುರು ಜಾರಿಹೋಯಿತು, ಕನೆಕ್ಟರುಗಳನ್ನು ಬಿಡಿಸಿ ನೋಡಿದರೆ ತಾಮ್ರಕ್ಕೆ ಕಿಲುಬು ಹತ್ತಿರಲಿಲ್ಲ. ಮನೆಯ ಹಿರಿಯರು ತಿಂಗಳಿಗೊಮ್ಮೆಯಾದರೂ ಮಗನಿಗೆ ಹೇಳಿ ಅದನ್ನು ಯಲ್ಲಾಪುರದ ಕಡೆಗೆ ಒಂದು ಸುತ್ತು ಓಡಿಸಿ ತರಿಸುತ್ತಿದ್ದರಂತೆ. ಆ ಮಾತು ನಿಜವೆಂದು ಚೈನಿನ ಸವೆತ ಮತ್ತು ಎಂಜಿನ್ ಆಯಿಲಿನ ಬಣ್ಣ ಎರಡೂ ಹೇಳುತ್ತಿದ್ದವು. ತೋಟದ ಮನೆಗೆ ತಕ್ಕ ತೊಂದರೆ ಮಾತ್ರ ತಪ್ಪಿರಲಿಲ್ಲ: ಏರ್ ಫಿಲ್ಟರಿನ ಪೆಟ್ಟಿಗೆಯ ಬಳಿ ಎರಡು ವೈರುಗಳ ಹೊದಿಕೆಯನ್ನು ಇಲಿ ಕಡಿದಿತ್ತು. ಹಿಂದಿನ ಟೈರಿನ ಬದಿಯಲ್ಲಿ 3809 ಎಂದಿತ್ತು, ಅಂದರೆ 2009ರ 38ನೇ ವಾರದಲ್ಲಿ ತಯಾರಾದದ್ದು. ಎಳೆಗಳು ಎಷ್ಟೇ ಆಳವಾಗಿರಲಿ, ಅಷ್ಟು ವಯಸ್ಸಿನ ರಬ್ಬರಿನ ಮೇಲೆ ಘಟ್ಟದ ತಿರುವಿಗೆ ಬೈಕು ಬಾಗಿಸುವುದು ಜೀವಕ್ಕೆ ಎರವಾಗುವ ಕೆಲಸವಾದ್ದರಿಂದ ಪರೀಕ್ಷೆಯ ಸವಾರಿಯನ್ನು ನಿಧಾನವಾಗಿಯೇ ಮಾಡಿದೆ.

ಬ್ಯಾಂಡಿಟಿನ ಕಥೆ ಬೇರೆ. ಅದು ನಿಂತದ್ದೇ ಕಡಿಮೆ. ಕೂಲೆಂಟ್, ಬ್ರೇಕ್ ಆಯಿಲ್, ಚೈನ್ ಸ್ಪ್ರಾಕೆಟ್ ಬದಲಿಸಿದ ರಸೀದಿಗಳನ್ನು ಮಾಲೀಕರು ವರ್ಷವಾರು ಪಿನ್ನು ಹಾಕಿ ಇಟ್ಟಿದ್ದರು. ಸೆಲ್ಫ್ ಒತ್ತಿದ ಕೂಡಲೇ ಎಂಜಿನ್ ಹೊತ್ತಿಕೊಂಡಿತು, ಎಲ್ಲಿಯೂ ಒಂದು ಹನಿ ಎಣ್ಣೆ ಜಿನುಗುತ್ತಿರಲಿಲ್ಲ. ಆದರೆ ಉಳಿದೆರಡರ ಚೌಕಟ್ಟು ಅಲ್ಯೂಮಿನಿಯಮ್ಮಿನದು, ಇದರದು ಉಕ್ಕಿನ ಕೊಳವೆಯದು. ಸೈಡ್ ಸ್ಟ್ಯಾಂಡಿನ ಬೆಸುಗೆಯ ಬಳಿ ಮತ್ತು ಟ್ಯಾಂಕಿನ ಕೆಳಗಿನ ಸಂದಿನಲ್ಲಿ ಬಣ್ಣ ಉಬ್ಬಿತ್ತು. ಉಕ್ಕಿನ ತುಕ್ಕನ್ನು ಕೆರೆದು ಬಣ್ಣ ಹಚ್ಚಬಹುದು ಎಂಬುದು ಸಮಾಧಾನ. ಅಲ್ಯೂಮಿನಿಯಮ್ಮಿನೊಳಗೆ ಕಚ್ಚಿಕೊಂಡ ಉಕ್ಕಿನ ಬೋಲ್ಟನ್ನು ಬಿಡಿಸುವ ಪಾಡಿಗಿಂತ ಅದು ವಾಸಿ.

ಅಂಕೋಲೆಯಿಂದ ಯಲ್ಲಾಪುರಕ್ಕೆ ಹತ್ತುವ ಅರಬೈಲ್ ಘಟ್ಟದಲ್ಲಿ ಎಫ್‌ಝಡ್1 ಮತ್ತು ಬ್ಯಾಂಡಿಟ್ ಎರಡನ್ನೂ ಓಡಿಸಿದೆ. ಯಮಹಾದ 998 ಸಿಸಿ ಎಂಜಿನ್ ಒಂದೊಂದು ಸಿಲಿಂಡರಿಗೆ ಐದೈದು ವಾಲ್ವಿನದು. ಕಾಗದದ ಮೇಲೆ 150 ಅಶ್ವಶಕ್ತಿ, ಆದರೆ ಅದು ಕೈಗೆ ಬರುವುದು 11,000 ಆರ್‌ಪಿಎಂಗೆ. ಲಾರಿಗಳ ಹಿಂದೆ ತೆವಳುವಾಗ ಆ ಶಕ್ತಿ ಎಲ್ಲೋ ಮೇಲೆ ಕುಳಿತಿರುತ್ತದೆ, ಆಕ್ಸಿಲರೇಟರ್ ತಿರುಗಿಸಿದರೆ ಒಮ್ಮೆಲೇ ಜಗ್ಗುತ್ತದೆ, ಗೇರ್ ಮೇಲಿಂದ ಮೇಲೆ ಬದಲಿಸಬೇಕಾಗುತ್ತದೆ. ಸುಜುಕಿಯ 1255 ಸಿಸಿ ಎಂಜಿನ್ನಿಗೆ ಇರುವುದು 98 ಅಶ್ವಶಕ್ತಿಯಷ್ಟೆ. ಆದರೂ ಅದರ 108 ನ್ಯೂಟನ್ ಮೀಟರ್ ಸೆಳೆತ 3,700 ಆರ್‌ಪಿಎಂಗೇ ಸಿಗುವುದರಿಂದ ಮೂರನೇ ಗೇರಿನಲ್ಲಿ ಬಿಟ್ಟು ಘಟ್ಟವನ್ನು ಬಹುಪಾಲು ಹತ್ತಿಬಿಡಬಹುದು. ಹೆದ್ದಾರಿ 66ರಲ್ಲಿ ಅದರ ಅರ್ಧ ಫೇರಿಂಗ್ ಎದೆಗೆ ಬಡಿಯುವ ಗಾಳಿಯನ್ನು ತಡೆಯುತ್ತದೆ, ಸೀಟಿನ ಎತ್ತರವನ್ನು ಎರಡು ಹಂತದಲ್ಲಿ ಹೊಂದಿಸಬಹುದು. ಇನ್ನೂರೈವತ್ತು ಕಿಲೋ ತೂಕ ಮಾತ್ರ ಕಿರಿದಾದ ತಿರುವಿನಲ್ಲೂ, ಮನೆಯ ಮುಂದಿನ ಇಳಿಜಾರಿನಲ್ಲೂ ನೆನಪಾಗುತ್ತದೆ. ಓಡಿಸುವ ಸುಖಕ್ಕೆ ಮಾತ್ರ ಅಂಕ ಕೊಡುವುದಾದರೆ ಈ ಜಿಲ್ಲೆಯ ರಸ್ತೆಗಳಿಗೆ ನಾನು ಬ್ಯಾಂಡಿಟನ್ನೇ ಆರಿಸುತ್ತೇನೆ.

ಕಾಗದಪತ್ರದ ಲೆಕ್ಕ ಅದನ್ನು ತಿರುಗಿಸಿತು. ಹದಿನೈದು ವರ್ಷ ದಾಟಿದ ಬೈಕಿನ ನೋಂದಣಿ ನವೀಕರಣಕ್ಕೆ 2022ರ ಏಪ್ರಿಲ್‌ನಿಂದ ಕೇಂದ್ರದ ಶುಲ್ಕ 1,000 ರೂಪಾಯಿಯಾದರೆ, ಆಮದು ಮಾಡಿದ ದ್ವಿಚಕ್ರ ವಾಹನಕ್ಕೆ 10,000. ಇಪ್ಪತ್ತು ವರ್ಷ ದಾಟಿದ ಮೇಲೆ ಅದು 2025ರ ತಿದ್ದುಪಡಿಯಂತೆ 20,000. ಈ ಮೂರಕ್ಕೂ ಆಮದು ಬೈಕಿನ ಈ ದರವೇ ಅನ್ವಯಿಸುತ್ತದೆ, ಸಿಬಿಗೆ ಇದರ ಮೇಲೆ ತಡವಾದ ತಿಂಗಳುಗಳ ದಂಡವೂ ಸೇರುತ್ತದೆ. ಗೋವಾದ ಬೈಕಿಗೆ ಇದಲ್ಲದೆ ಅಲ್ಲಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು, ಹನ್ನೆರಡು ತಿಂಗಳೊಳಗೆ ಇಲ್ಲಿಯ ನಂಬರು ಪಡೆಯಬೇಕು, ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕು. ಬೈಕಿನ ವಯಸ್ಸಿಗೆ ತಕ್ಕಂತೆ ತೆರಿಗೆ ಇಳಿಯುವುದಾದರೂ ಅದನ್ನು ಸೇರಿಸಿದಾಗ ಗೋವಾದ ಅಗ್ಗದ ಬೆಲೆ ಅಗ್ಗವಾಗಿ ಉಳಿಯಲಿಲ್ಲ. ಶಿರಸಿಯ ಬೈಕಿಗೆ ಇದ್ದದ್ದು ಅಲ್ಲಿಯದೇ ಕೆಎ-31 ನಂಬರು, ನವೀಕರಣ ಆಗಲೇ ಆಗಿತ್ತು. ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಆರ್‌ಸಿಗೆ ಅಕ್ಷರಶಃ ಹೊಂದಿತು.

ಈ ಹುಡುಕಾಟದ ನಡುವೆ ಗೋಕರ್ಣದಲ್ಲಿ ವಿದೇಶಿ ನಂಬರಿನ ಬೈಕೊಂದನ್ನು ಕಂಡ ಬೆಲೆಗೆ ಕೊಡಿಸುತ್ತೇನೆಂದು ಒಬ್ಬ ದಲ್ಲಾಳಿ ಬೆನ್ನು ಹತ್ತಿದ್ದ. ಪ್ರವಾಸಿಗರು ಕಾರ್ನೆಟ್ ಪತ್ರದ (ಸುಂಕ ಕಟ್ಟದೆ ತಾತ್ಕಾಲಿಕವಾಗಿ ವಾಹನ ತರಲು ಇರುವ ಪರವಾನಗಿಯ) ಮೇಲೆ ತರುವ ಬೈಕು ಮರಳಿ ದೇಶದಿಂದ ಹೊರಗೆ ಹೋಗಬೇಕಾದದ್ದು. ಸುಂಕ ಕಟ್ಟದೆ ಅದನ್ನು ಇಲ್ಲಿ ಮಾರುವಂತಿಲ್ಲ. ಇಂಥದರ ಹತ್ತಿರವೂ ಹೋಗಬಾರದು.

ಕೊನೆಗೆ ಕೊಂಡದ್ದು ಎಫ್‌ಝಡ್1. ಬ್ಯಾಂಡಿಟಿಗೆ ಕೆಎ ನಂಬರು ಇದ್ದಿದ್ದರೆ, ನಲವತ್ತು ಸಾವಿರದ ಮೀಟರನ್ನು ಲೆಕ್ಕಿಸದೆ ಅದನ್ನೇ ತರುತ್ತಿದ್ದೆ. ಟೈರುಗಳು, ಬ್ರೇಕಿನ ರಬ್ಬರ್ ಕೊಳವೆಗಳು, ಬ್ಯಾಟರಿ, ಕೂಲೆಂಟ್, ಎಲ್ಲ ಎಣ್ಣೆಗಳು ಮತ್ತು ಇಲಿ ಕಡಿದ ವೈರಿಂಗ್ ಇವುಗಳ ಖರ್ಚನ್ನು ಒಂದು ಹಾಳೆಯಲ್ಲಿ ಬರೆದು ಶಿರಸಿಯ ಹಿರಿಯರ ಮುಂದಿಟ್ಟಾಗ ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು, ಬ್ಯಾಟರಿಯನ್ನು ಬಿಟ್ಟು ಉಳಿದುದನ್ನೆಲ್ಲ ಬೆಲೆಯಿಂದ ಕಳೆಯಲು ಒಪ್ಪಿದರು. ಹಿಂದಿನ ಚಕ್ರಕ್ಕೆ ಬೇಕಾದ 190/50 ಅಳತೆಯ ಟೈರನ್ನು ಬೆಂಗಳೂರಿನಿಂದಲೇ ತರಿಸಬೇಕಾಯಿತು. ಸಿಬಿ ಮತ್ತು ಬ್ಯಾಂಡಿಟ್ ಎರಡರ 180/55 ಅಳತೆಗೆ ಆಯ್ಕೆ ಇದಕ್ಕಿಂತ ಹೆಚ್ಚಿದೆ.