ಒಂದೇ ಪೋಲೋ, ಮೂರು ಸೆಟ್ ಟೈರು: ಬಳ್ಳಾರಿ ರಸ್ತೆಗಳಲ್ಲಿ ಓಡಿಸಿ ನೋಡಿದ್ದು

ನನ್ನ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ ಕಾರಿಗೆ ಈ ಸಲ ನಾಲ್ಕೂ ಟೈರು ಬದಲಾಯಿಸಬೇಕಿತ್ತು. ಹಳೆಯವು ಟಿಡಬ್ಲ್ಯುಐ ಗುರುತಿನ ಮಟ್ಟಕ್ಕೆ ಸವೆದಿದ್ದವು. ಟೈರಿನ ಗೀರಿನೊಳಗೆ 1.6 ಮಿಲಿಮೀಟರ್ ಎತ್ತರದ ಸಣ್ಣ ದಿಬ್ಬ ಇರುತ್ತದಲ್ಲ, ಅದೇ ಆ ಗುರುತು. ಸುತ್ತಲಿನ ರಬ್ಬರ್ ಅದಕ್ಕೆ ಸಮವಾಯಿತು ಅಂದರೆ ಟೈರಿನ ಆಯಸ್ಸು ಮುಗಿಯಿತು.

ಕೌಲ್ ಬಜಾರಿನ ಕಡೆ ಕೇಳಿದೆ, ಮೋಕಾ ರಸ್ತೆಯಲ್ಲೂ ಕೇಳಿದೆ. ಎಲ್ಲ ಅಂಗಡಿಯಲ್ಲೂ ಬೆಲೆ ಹೇಳಿದರು, ಎಷ್ಟು ಕಿಲೋಮೀಟರ್ ಬರುತ್ತದೆ ಅಂತ ಹೇಳಿದರು. ತಿರುವಿನಲ್ಲಿ ಹೇಗೆ ಹಿಡಿಯುತ್ತದೆ, ಮಳೆಯಲ್ಲಿ ಹೇಗೆ ನಿಲ್ಲುತ್ತದೆ ಅನ್ನೋದನ್ನು ಯಾರೂ ಹೇಳಲಿಲ್ಲ. ಇದು 105 ಪಿಎಸ್ ಶಕ್ತಿಯ ಸಣ್ಣ ಗಾಡಿ. ಸ್ಟೀರಿಂಗ್ ತಿರುಗಿಸೋದೇ ಇದರ ಸುಖ. ತಪ್ಪು ಟೈರು ಹಾಕಿದರೆ ಆ ಸುಖವೇ ಹೋಗುತ್ತದೆ. ಹಾಗಾಗಿ ಓಡಿಸಿಯೇ ನೋಡೋಣ ಅಂದುಕೊಂಡೆ.

ಚಿಕ್ಕಪ್ಪನ ಮಗನ ಹತ್ತಿರವೂ ಇದೇ ಪೋಲೋ ಇದೆ. ಹೊಸಪೇಟೆಯ ಗೆಳೆಯನ ಹತ್ತಿರ ಇನ್ನೊಂದು. ನಮ್ಮ ಮಾವನದು ಸ್ಕೋಡಾ ರ‍್ಯಾಪಿಡ್. ಎಲ್ಲಕ್ಕೂ 16 ಇಂಚಿನ ರಿಮ್, ಐದೈದು ಬೋಲ್ಟು, ಬೋಲ್ಟುಗಳ ಅಳತೆಯೂ ಒಂದೇ. ಅಂದರೆ ಟೈರು ರಿಮ್ಮಿನಿಂದ ಬಿಚ್ಚುವ ಕೆಲಸವೇ ಇಲ್ಲ, ಚಕ್ರ ಸಮೇತ ನನ್ನ ಗಾಡಿಗೆ ಹಾಕಬಹುದು. ಮೂವರೂ ಹಿಂದಿನ ಒಂದು ವರ್ಷದೊಳಗೆ ಟೈರು ಬದಲಾಯಿಸಿದ್ದರು, ಮೂವರ ಆಯ್ಕೆಯೂ ಬೇರೆ ಬೇರೆ. ಒಂದೊಂದು ಸೆಟ್ಟನ್ನೂ ಎರಡೆರಡು ವಾರ ನನ್ನ ಗಾಡಿಯಲ್ಲಿ ಓಡಿಸಿದೆ. ಗಾಡಿ ಒಂದೇ, ಓಡಿಸುವವನು ಒಬ್ಬನೇ, ದಾರಿಗಳೂ ಅವೇ.

ಕಂಪನಿಗಳ ಹೆಸರು ಬರೆಯುತ್ತಿಲ್ಲ. ಒಂದೇ ಕಂಪನಿ ಮೂರು ಜಾತಿಯನ್ನೂ ಮಾಡುತ್ತದೆ, ಆರಿಸುವಾಗ ನೋಡಬೇಕಾದ್ದು ಜಾತಿಯನ್ನು. ಚಿಕ್ಕಪ್ಪನ ಮಗನದು ಸ್ಪೋರ್ಟ್ ಟೈರು, 195/55 ಆರ್16 ಅಳತೆ. ಪಕ್ಕದ ಗೋಡೆ ಗಟ್ಟಿ, ಅಂಚಿನ ಬ್ಲಾಕುಗಳು ದೊಡ್ಡವು. ಮಾವನದು ಅದೇ ಅಳತೆಯ ಟೂರಿಂಗ್ ಟೈರು. ರಬ್ಬರ್ ಮೆತ್ತಗೆ, ನಡುವೆ ಅಗಲವಾದ ನಾಲ್ಕು ಗೀರು. ಗೆಳೆಯನದು ಜಾಸ್ತಿ ಬಾಳಿಕೆ ಬರುವ ಗಟ್ಟಿ ರಬ್ಬರಿನದು, ಅದೂ ಒಂದು ಸೈಜ್ ಅಗಲ ಮಾಡಿ ಹಾಕಿಸಿದ್ದು, 205/55 ಆರ್16.

ಈ ಅಗಲ ಮಾಡಿಸುವ ವಿಚಾರದಲ್ಲಿ ಒಂದು ಲೆಕ್ಕ ತಿಳಿದಿರಲಿ. 195, 205 ಅಂದರೆ ಮಿಲಿಮೀಟರಿನಲ್ಲಿ ಟೈರಿನ ಅಗಲ, 55 ಅಂದರೆ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 55 ಪಾಲು. 195ರಲ್ಲಿ ಗೋಡೆ 107 ಮಿಲಿಮೀಟರ್ ಆದರೆ 205ರಲ್ಲಿ ಸುಮಾರು 113. ಚಕ್ರದ ಒಟ್ಟು ಎತ್ತರ 11 ಮಿಲಿಮೀಟರ್ ಹೆಚ್ಚಾಗುತ್ತದೆ, ಗಾಡಿ ಅದರ ಅರ್ಧದಷ್ಟು ಮೇಲೇಳುತ್ತದೆ. ಗುಂಡಿಗೆ ಒಳ್ಳೆಯದೇ. ಆದರೆ ಚಕ್ರ ದೊಡ್ಡದಾದ್ದರಿಂದ ಗಾಡಿ ಮೊದಲಿಗಿಂತ ಸ್ವಲ್ಪ ಭಾರ ಅನಿಸುತ್ತದೆ, ಎತ್ತಿಕೊಳ್ಳೋದು ನಿಧಾನ. ಸ್ಪೀಡೋಮೀಟರ್ ಲೆಕ್ಕವೂ ನೂರಕ್ಕೆ ಎರಡರ ಹತ್ತಿರ ಬದಲಾಗುತ್ತದೆ.

ಗಾಳಿ ಎಲ್ಲದಕ್ಕೂ 32 ಪಿಎಸ್‌ಐ ಹಾಕಿದೆ, ಬೆಳಿಗ್ಗೆ ಆರಕ್ಕೆ, ಗಾಡಿ ಕದಲುವ ಮುಂಚೆ. ನಮ್ಮ ಊರಿನಲ್ಲಿ ಇದು ತುಂಬ ಮುಖ್ಯ. ಏಪ್ರಿಲ್ ತಿಂಗಳ ಮಧ್ಯಾಹ್ನ ತೋರಣಗಲ್ಲಿಗೆ ಹೋಗಿ ಬಂದು ಗೇಜ್ ಹಿಡಿದರೆ 36 ತೋರಿಸುತ್ತದೆ. ಶಾಖ ಐದಾರು ಡಿಗ್ರಿ ಏರಿದರೆ ಒಂದು ಪಿಎಸ್‌ಐ ಏರುತ್ತದೆ, ಅಷ್ಟೇ. ಅದನ್ನು ನೋಡಿ ಗಾಬರಿಯಾಗಿ ಗಾಳಿ ಬಿಡಿಸುವವರನ್ನು ತುಂಬ ಕಂಡಿದ್ದೇನೆ. ಬಿಡಿಸಬೇಡಿ. ಬಿಡಿಸಿದರೆ ಮಾರನೆ ಬೆಳಿಗ್ಗೆ ಟೈರು ತಣ್ಣಗಾದಾಗ ಗಾಳಿ 28ಕ್ಕೆ ಇಳಿದಿರುತ್ತದೆ. ಕಡಿಮೆ ಗಾಳಿಯ ಟೈರು ಜಾಸ್ತಿ ಮಡಚುತ್ತದೆ, ಮಡಚಿದಷ್ಟೂ ಒಳಗೆ ಕಾಯುತ್ತದೆ. ಬೇಸಿಗೆಯಲ್ಲಿ ಟೈರು ಸಿಡಿಯಲು ಇದೊಂದು ದೊಡ್ಡ ಕಾರಣ.

ಮೊದಲು ಸಂಡೂರು. ಕುಮಾರಸ್ವಾಮಿ ದೇವಸ್ಥಾನದ ಬೆಟ್ಟದ ದಾರಿ ನನಗೆ ಚಿಕ್ಕಂದಿನಿಂದ ಗೊತ್ತು. ಬೆಳಿಗ್ಗೆ ಬೇಗ ಹೋದರೆ ಓಡಾಟ ಕಡಿಮೆ, ತಿರುವು ಧಾರಾಳ. ಅಲ್ಲಿ ನಾನು ಮಾಡಿದ ಪರೀಕ್ಷೆಗೆ ಬೇಕಾದದ್ದು ಒಂದು ಸೀಮೆಸುಣ್ಣ ಮಾತ್ರ. ಹತ್ತುವ ಮುಂಚೆ ಮುಂದಿನ ಎರಡೂ ಟೈರಿಗೆ, ನೆಲ ಮುಟ್ಟುವ ಭಾಗದಿಂದ ಶುರುಮಾಡಿ ಅಂಚು ದಾಟಿ ಗೋಡೆಯ ಮೇಲೆ ಬರುವ ಹಾಗೆ ಮೂರು ಕಡೆ ಗೆರೆ ಎಳೆದೆ. ಮೇಲೆ ಹೋಗಿ ಇಳಿದು ಬಂದು ನೋಡಿದರೆ ಗೆರೆ ಎಲ್ಲಿವರೆಗೆ ಅಳಿಸಿದೆ ಅನ್ನೋದು ಕಾಣುತ್ತದೆ. ತಿರುವಿನಲ್ಲಿ ಟೈರು ಎಷ್ಟು ಮಗುಚಿಕೊಂಡಿದೆ ಅನ್ನೋದಕ್ಕೆ ಅದೇ ಸಾಕ್ಷಿ.

ಸ್ಪೋರ್ಟ್ ಟೈರಿನಲ್ಲಿ ಸುಣ್ಣ ಅಂಚಿನ ತುದಿಯಲ್ಲೇ ನಿಂತಿತ್ತು, ಚಾಕುವಿನಲ್ಲಿ ಕೊಯ್ದ ಹಾಗೆ. ಗೋಡೆಯ ಮೇಲಿನ ಗೆರೆ ಪೂರ್ತಿ ಉಳಿದಿತ್ತು. ಟೂರಿಂಗ್ ಟೈರಿನಲ್ಲಿ ಅಂಚು ದಾಟಿ ಕಿರುಬೆರಳ ಅಗಲದಷ್ಟು ಅಳಿಸಿತ್ತು. 205ರಲ್ಲಿ ಅದಕ್ಕಿಂತ ತುಸು ಜಾಸ್ತಿ. ಗೋಡೆ ಎತ್ತರ ಇದ್ದಷ್ಟೂ ಬಾಗುತ್ತದೆ, ಅಗಲ ಮಾಡಿದರೂ ಅದು ತಪ್ಪಲಿಲ್ಲ. ಟೂರಿಂಗ್ ಟೈರಿಗೆ 34 ಹಾಕಿ ಮತ್ತೆ ಹತ್ತಿದೆ. ಈ ಸಲ ಸುಣ್ಣ ಅಂಚಿನ ಹತ್ತಿರವೇ ಉಳಿಯಿತು. ಎರಡೇ ಪಿಎಸ್‌ಐ ಗಾಳಿಗೆ ಇಷ್ಟು ವ್ಯತ್ಯಾಸ ಆಗುತ್ತದೆ ಅಂತ ಕಣ್ಣಾರೆ ನೋಡಿದಾಗ ನಿಜವಾಗಿ ಖುಷಿಯಾಯಿತು.

ಕೈಗೆ ಸಿಕ್ಕ ಅನುಭವವೂ ಸುಣ್ಣ ಹೇಳಿದ್ದನ್ನೇ ಹೇಳಿತು. ಸ್ಪೋರ್ಟ್ ಟೈರಿನಲ್ಲಿ ಸ್ಟೀರಿಂಗ್ ಅಲುಗಿಸಿದ ಕೂಡಲೇ ಮೂತಿ ತಿರುಗುತ್ತದೆ. ಎರಡು ತಿರುವು ಬೆನ್ನಿಗೆ ಬೆನ್ನು ಬಂದಾಗ ಎಡದಿಂದ ಬಲಕ್ಕೆ ಗಾಡಿ ಮೀನಿನ ಹಾಗೆ ಹೊರಳುತ್ತದೆ. ಇದನ್ನು ಓಡಿಸಿದ ಮೇಲೆ ಬೇರೆಯದು ಬೇಡ ಅನಿಸಿತ್ತು. ಟೂರಿಂಗ್ ಟೈರು ಒಂದು ಕ್ಷಣ ತಡೆದು, ಗೋಡೆ ಬಾಗಿ, ಆಮೇಲೆ ಹಿಡಿಯುತ್ತದೆ. ಹಿಡಿದ ಮೇಲೆ ಬಿಡುವುದಿಲ್ಲ. ಬಿಡುವ ಮುಂಚೆ ಕೂಗಿ ಹೇಳುತ್ತದೆ, ಕೀಂಯ್ ಅಂತ. ಗಟ್ಟಿ ರಬ್ಬರಿನ 205 ಹಾಗೆ ಹೇಳುವುದಿಲ್ಲ. ಸುಮ್ನೆ ಜಾರಲು ಶುರುಮಾಡುತ್ತದೆ, ಗಾಡಿ ತಿರುವಿನ ಹೊರಗೆ ಹೋಗುತ್ತಿದೆ ಅಂತ ನಮಗೆ ತಡವಾಗಿ ತಿಳಿಯುತ್ತದೆ. ಮುಂದಿನ ಚಕ್ರ ಎಳೆಯುವ ಗಾಡಿಗೆ ಇದು ಒಳ್ಳೆಯದಲ್ಲ.

ಬ್ರೇಕಿನ ವಿಷಯ ಬೇಗ ಮುಗಿಸುತ್ತೇನೆ. ಒಣ ರಸ್ತೆಯಲ್ಲಿ, ಖಾಲಿ ಜಾಗದಲ್ಲಿ, 60ರಿಂದ ಪೂರ್ತಿ ಒತ್ತಿದೆ. ಸ್ಪೋರ್ಟ್ ಮತ್ತು ಟೂರಿಂಗ್ ಹೆಚ್ಚುಕಡಿಮೆ ಒಂದೇ ಕಡೆ ನಿಂತವು. 205 ಪ್ರತಿ ಸಲವೂ ಅರ್ಧ ಕಾರಿನಷ್ಟು ಮುಂದೆ ಹೋಗಿ ನಿಂತಿತು.

ನನ್ನ ಮನಸ್ಸು ಬದಲಾಗಿದ್ದು ಸಿರುಗುಪ್ಪ ರಸ್ತೆಯಲ್ಲಿ. ನನ್ನ ಕೆಲಸಕ್ಕೆ ವಾರಕ್ಕೆ ಮೂರು ದಿನ ಆ ಕಡೆ ಹೋಗಲೇಬೇಕು. ತುಂಗಭದ್ರಾ ಕಾಲುವೆ ನೀರಿನ ಭತ್ತದ ಸೀಮೆ ಅದು, ಎರೆ ಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಅದಕ್ಕೇ ಅದರ ಮೇಲಿನ ಡಾಂಬರು ಅಲೆ ಅಲೆಯಾಗಿರುತ್ತದೆ. ನಾಟಿ ಸಮಯದಲ್ಲಿ ಗದ್ದೆಯಿಂದ ಹತ್ತಿದ ಟ್ರ್ಯಾಕ್ಟರುಗಳು ಆ ಮಣ್ಣನ್ನು ರಸ್ತೆ ತುಂಬ ಬಿಟ್ಟು ಹೋಗುತ್ತವೆ. ಮೇಲೊಂದು ಮಳೆ ಬಿದ್ದರೆ ಬೆಣ್ಣೆ ಸವರಿದ ಹಾಗೆ.

ಟೂರಿಂಗ್ ಟೈರು ಹಾಕಿದ್ದಾಗ ಅಂಥದೊಂದು ಮಳೆ ಸಿಕ್ಕಿತು. ಅಗಲ ಗೀರುಗಳಿಂದ ಕೆಸರು ನೀರು ಚಿಮ್ಮಿ ಪಕ್ಕಕ್ಕೆ ಹೋಗುತ್ತಿತ್ತು, ಸ್ಟೀರಿಂಗಿನಲ್ಲಿ ತೂಕ ಕಡಿಮೆಯಾಗಲೇ ಇಲ್ಲ, ಅಂದರೆ ಟೈರು ನೆಲದ ಹಿಡಿತ ಬಿಡಲಿಲ್ಲ. ಎರಡು ವಾರ ಬಿಟ್ಟು ಸ್ಪೋರ್ಟ್ ಟೈರಿನಲ್ಲಿ ಅದೇ ಜಾಗ, ಅದೇ ಥರ ಮಳೆ. ಬರೀ ನೀರಿದ್ದ ಕಡೆ ಚೆನ್ನಾಗಿಯೇ ಇತ್ತು. ಕೆಸರು ಬಂದ ಕಡೆ ಅಂಚಿನ ದೊಡ್ಡ ಬ್ಲಾಕುಗಳ ಮಧ್ಯೆ ಮಣ್ಣು ಮೆತ್ತಿಕೊಂಡು ಗಾಡಿ ಜಾರದಂತೆ ತಡೆಯುವ ಇಎಸ್‌ಪಿ ವ್ಯವಸ್ಥೆಯ ದೀಪ ಮಿನುಗತೊಡಗಿತು. 205ರಲ್ಲಂತೂ 40ರ ಮೇಲೆ ಹೋಗುವ ಧೈರ್ಯ ಬರಲಿಲ್ಲ.

ಆಮೇಲೆ ತೋರಣಗಲ್ಲು ದಾರಿ. ಅದಿರು ಲಾರಿಗಳು ಓಡುವ ಕಡೆ ಕೆಂಪು ಧೂಳಿನಡಿ ಗುಂಡಿ ಕಾಣುವುದಿಲ್ಲ. ಸ್ಪೋರ್ಟ್ ಟೈರಿನ ಎರಡನೇ ವಾರ, ಎದುರಿನ ಲಾರಿಗೆ ಜಾಗ ಬಿಡುತ್ತ ಎಡಕ್ಕೆ ಸರಿದೆ, ಧಡ್ ಅಂತ ಮುಂದಿನ ಎಡ ಚಕ್ರ ಗುಂಡಿಗೆ ಬಿತ್ತು. ಮನೆಗೆ ಬಂದು ಕೈಯಾಡಿಸಿ ನೋಡಿದರೆ ಗೋಡೆಯಲ್ಲಿ ಅರ್ಧ ನಿಂಬೆಹಣ್ಣಿನಷ್ಟು ಉಬ್ಬು. ಒಳಗಿನ ದಾರಗಳು ತುಂಡಾಗಿ ಗಾಳಿ ಅಲ್ಲಿ ತಳ್ಳುತ್ತಿರುತ್ತದೆ. ಅದಕ್ಕೆ ರಿಪೇರಿ ಇಲ್ಲ, ಟೈರು ಎಸೆಯಬೇಕು. ಚಿಕ್ಕಪ್ಪನ ಮಗ "ಬಿಡಣ್ಣ, ನಾನೇ ಓಡಿಸಿದ್ರೂ ಹಿಂಗೇ ಆಗ್ತಿತ್ತು" ಅಂದ. ನಾನು ಒಪ್ಪಲಿಲ್ಲ. ಮುಂದಿನ ಎರಡಕ್ಕೂ ಹೊಸ ಟೈರು ಕೊಡಿಸಿದೆ, ಒಂದೇ ಆಕ್ಸಲ್‌ನಲ್ಲಿ ಒಂದು ಹೊಸದು ಒಂದು ಹಳೆಯದು ಇದ್ದರೆ ಗಾಡಿ ಒಂದು ಕಡೆ ಎಳೆಯುತ್ತದೆ. ಇಂಥ ಪೆಟ್ಟು ತಡೆಯುವುದರಲ್ಲಿ ಎತ್ತರ ಗೋಡೆಯ 205ಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಅದೇ ದಾರಿಯಲ್ಲಿ ಎರಡು ವಾರ ಓಡಿ ಒಂದು ಗೀರೂ ಬೀಳದೆ ಬಂತು.

ಕೊನೆಗೆ ನಾನು ಕೊಂಡಿದ್ದು ಟೂರಿಂಗ್ ಟೈರು, ಗಾಡಿಯ ಸ್ವಂತ ಅಳತೆಯಲ್ಲೇ, ಆದರೆ 87ವಿ ಬದಲು 91ವಿ ಎಕ್ಸ್‌ಎಲ್. 87 ಅಂದರೆ ಒಂದು ಟೈರು 545 ಕಿಲೋ ಹೊರುತ್ತದೆ, 91 ಅಂದರೆ 615. ವಿ ಅಂದರೆ ಗಂಟೆಗೆ 240 ಕಿಲೋಮೀಟರ್ ವೇಗಕ್ಕೆ ತಡೆಯುತ್ತದೆ. ಎಕ್ಸ್‌ಎಲ್ ಟೈರನ್ನು ಹೆಚ್ಚಿನ ಗಾಳಿ, ಹೆಚ್ಚಿನ ಭಾರಕ್ಕೆ ಬಲಪಡಿಸಿರುತ್ತಾರೆ. ಗಾಳಿ 34 ಇಟ್ಟಿದ್ದೇನೆ. ಸಂಡೂರಿನ ತಿರುವಿನಲ್ಲಿ ಸ್ಪೋರ್ಟ್ ಟೈರಿನ ಆ ಚುರುಕು ಇಲ್ಲ, ಅದು ನೆನಪಾಗುತ್ತದೆ. ಆದರೆ ನಾನು ಸಂಡೂರಿಗೆ ತಿಂಗಳಿಗೊಮ್ಮೆ ಹೋಗುವವನು. ಪ್ರತಿ ಭಾನುವಾರ ಬೆಟ್ಟ ಹತ್ತುವ ಚಿಕ್ಕಪ್ಪನ ಮಗನಿಗೆ ಸ್ಪೋರ್ಟ್ ಟೈರೇ ಸರಿ, ಅವನಿಗೆ ಬದಲಾಯಿಸು ಅಂತ ಹೇಳುವುದಿಲ್ಲ. ಗೆಳೆಯನಿಗೆ ಮಾತ್ರ ಹೇಳಿದ್ದೇನೆ, ಮಳೆಗಾಲದಲ್ಲಿ ನಿಧಾನ ಹೋಗಪ್ಪಾ ಅಂತ.

ಕೊಳ್ಳುವಾಗ ಗೋಡೆಯ ಮೇಲೆ DOT ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2324 ಅಂತ ಇದ್ದರೆ 2024ರ 23ನೇ ವಾರ ತಯಾರಾದದ್ದು. ನನಗೆ ತೋರಿಸಿದ ನಾಲ್ಕರಲ್ಲಿ ಎರಡು ಹೊಸವು, ಎರಡು ಒಂದೂವರೆ ವರ್ಷ ಹಳೆಯವು. "ಅಣ್ಣಾ, ನಾಲ್ಕೂ ಒಂದೇ ವಾರದ್ದು ಕೊಡಿ" ಅಂದಾಗ ಮೇಸ್ತ್ರಿ ಗೋಡೌನಿನಿಂದ ತಂದುಕೊಟ್ಟರು. ಚಕ್ರ ಹಾಕುವಾಗ ಬೋಲ್ಟುಗಳನ್ನು ಬಿಗಿಯ ಅಳತೆ ತೋರಿಸುವ ಟಾರ್ಕ್ ಪಾನದಲ್ಲಿ, ಈ ಗಾಡಿಗಾದರೆ 120 ಎನ್‌ಎಂಗೆ (ನ್ಯೂಟನ್ ಮೀಟರ್), ಬಿಗಿ ಮಾಡಿಸಿ, ಅಲೈನ್‌ಮೆಂಟ್ ಅವತ್ತೇ ಮಾಡಿಸಿ. ಹೊಸ ಟೈರಿನ ಮೇಲೆ ಅಚ್ಚಿನಿಂದ ಬಿಡಿಸಲು ಸವರಿದ ಜಿಡ್ಡು ಇರುತ್ತದೆ, ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಜಾರುತ್ತದೆ. ನಾನು ಅಷ್ಟು ದಿನ ಊರೊಳಗೇ ಓಡಿಸಿದೆ. ಅದು ಸವೆದ ಮೇಲೆಯೇ ಸಿರುಗುಪ್ಪ ರಸ್ತೆಗೆ ಇಳಿಸಿದ್ದು.