ಹವಾಮಾನ ತಂತ್ರಜ್ಞಾನಕ್ಕೆ ಯಾರೊಡನೆ ಕೈಜೋಡಿಸಬೇಕು?

ಹವಾಮಾನ ತಂತ್ರಜ್ಞಾನ, ಅಂದರೆ ಇಂಗಾಲದ ಹೊರಸೂಸುವಿಕೆ ತಗ್ಗಿಸುವ ಅಥವಾ ಹವಾಮಾನ ಬದಲಾವಣೆಗೆ ಹೊಂದಿಕೊಳ್ಳಲು ನೆರವಾಗುವ ತಂತ್ರಜ್ಞಾನ ಬೇಕಾದ ಅಭಿವೃದ್ಧಿಶೀಲ ದೇಶವೊಂದರ ನಗರಾಡಳಿತ ಅಥವಾ ಇಲಾಖೆಯ ಮುಂದೆ ಸಾಮಾನ್ಯವಾಗಿ ಮೂರು ದಾರಿಗಳಿರುತ್ತವೆ: 2010ರಲ್ಲಿ ಮೆಕ್ಸಿಕೊದ ಕಾನ್‌ಕುನ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನದಲ್ಲಿ ರೂಪುಗೊಂಡ ಹವಾಮಾನ ತಂತ್ರಜ್ಞಾನ ಕೇಂದ್ರ ಮತ್ತು ಜಾಲ, ಅಂದರೆ ಸಿಟಿಸಿಎನ್, ದಕ್ಷಿಣ ಕೊರಿಯಾದ ಸಾಂಗ್ಡೊದಲ್ಲಿರುವ ಹಸಿರು ಹವಾಮಾನ ನಿಧಿ, ಜಪಾನಿನ ಜಂಟಿ ಕ್ರೆಡಿಟ್ ವ್ಯವಸ್ಥೆ.

ವೆಚ್ಚದ ದೃಷ್ಟಿಯಿಂದ ಸಿಟಿಸಿಎನ್ ಹಗುರ. ತಜ್ಞರ ನೆರವು ಅರ್ಜಿದಾರರಿಗೆ ಉಚಿತವಾಗಿ ದೊರೆಯುತ್ತದೆ. ಆದರೆ ಅದು ಕೊಡುವುದು ಸಲಹೆ, ಕಾರ್ಯಸಾಧ್ಯತೆಯ ಅಧ್ಯಯನ ಮತ್ತು ತರಬೇತಿಯನ್ನೇ ಹೊರತು ಯಂತ್ರಗಳನ್ನಲ್ಲ, ಮತ್ತು ಇದನ್ನು ಮರೆತು ಅರ್ಜಿ ಹಾಕಿದವರು ಕೊನೆಗೆ ಉತ್ತಮ ವರದಿಯೊಂದನ್ನು ಕಪಾಟಿನಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ. ಜಪಾನಿನ ವ್ಯವಸ್ಥೆ ಆರಂಭಿಕ ಹೂಡಿಕೆಯ ಅರ್ಧದವರೆಗೂ ಸಹಾಯಧನ ನೀಡಬಲ್ಲದು. ಪ್ರತಿಯಾಗಿ, ತಗ್ಗಿಸಿದ ಹೊರಸೂಸುವಿಕೆಗೆ ಲೆಕ್ಕಹಾಕಿ ಕೊಡುವ ಇಂಗಾಲದ ಕ್ರೆಡಿಟ್‌ಗಳಲ್ಲಿ ಒಂದು ಪಾಲು ಜಪಾನಿಗೆ ಸಲ್ಲುತ್ತದೆ. ಆ ಪಾಲು ಹೊರಸೂಸುವಿಕೆ ತಗ್ಗಿಸುವ ನಿಮ್ಮ ದೇಶದ ಸ್ವಂತ ಗುರಿಯ ಲೆಕ್ಕಕ್ಕೆ ಬಾರದು ಎಂಬುದನ್ನು ಸಹಿ ಹಾಕುವ ಮುನ್ನ ಲೆಕ್ಕಿಸಬೇಕು.

ಸುಲಭತೆಯಲ್ಲಿ ನಿಧಿಯೇ ಹಿಂದೆ. ಅದನ್ನು ಮಾನ್ಯತೆ ಪಡೆದ ಸಂಸ್ಥೆಯ ಮೂಲಕವೇ ತಲುಪಬೇಕು. ಭಾರತದಲ್ಲಿ ನಬಾರ್ಡ್ ಅಂಥದ್ದೊಂದು. ಕಾಯುವ ತಾಳ್ಮೆಯಿದ್ದರೆ ಅನುದಾನ, ಸಾಲ, ಖಾತರಿಗಳನ್ನು ಬೆರೆಸಿದ ದೊಡ್ಡ ಮೊತ್ತ ಸಿಗಬಹುದು.

ಯಾವ ತಂತ್ರಜ್ಞಾನ ಬೇಕೆಂದೇ ತಿಳಿಯದ ಸಣ್ಣ ದ್ವೀಪರಾಷ್ಟ್ರಕ್ಕೆ ಸಿಟಿಸಿಎನ್ ಸರಿ. ದಕ್ಷ ಬಾಯ್ಲರ್ ಅಥವಾ ಸೌರಫಲಕವನ್ನು ಬೇಗ ಅಳವಡಿಸಬೇಕಾದ, ಜಪಾನಿನೊಡನೆ ಒಪ್ಪಂದವಿರುವ ದೇಶದ ಕಾರ್ಖಾನೆಗೆ ಜಂಟಿ ಕ್ರೆಡಿಟ್ ಹೊಂದುತ್ತದೆ. ಇಡೀ ಜಲಾನಯನ ಪ್ರದೇಶಕ್ಕೆ ನೀರಾವರಿ ಯೋಜನೆ ರೂಪಿಸುವವರು ನಿಧಿಯ ಬಾಗಿಲು ತಟ್ಟಬೇಕು, ಬೇಕಿದ್ದರೆ ಮೊದಲು ಸಿಟಿಸಿಎನ್‌ನಿಂದ ಅಧ್ಯಯನ ಮಾಡಿಸಿಕೊಂಡೇ.